ಒಂದೇ ಸೆಟ್, ಉಳಿದಂತೆ ವಿಶ್ರಾಂತಿ

ಹುಬ್ಬಳ್ಳಿಯ ವಿದ್ಯಾನಗರದಿಂದ ಕೇಶ್ವಾಪುರದವರೆಗೆ ಹೊಸ ವ್ಯಾಯಾಮಧರ್ಮವೊಂದು ಹಬ್ಬಿದೆ. ವಾರಕ್ಕೆರಡು ಸಲ ಜಿಮ್‌ಗೆ ಹೋದರೆ ಸಾಕು, ಹೋದಾಗ ಇಪ್ಪತ್ತು ನಿಮಿಷ ಸಾಕು, ಒಂದು ವ್ಯಾಯಾಮಕ್ಕೆ ಒಂದೇ ಸೆಟ್ (ನಡುವೆ ನಿಲ್ಲದೆ ಎತ್ತಿಳಿಸುವ ಒಂದು ಸುತ್ತು) ಸಾಕು. ಇಷ್ಟೊಂದು ‘ಸಾಕು’ ಕಿವಿಗೆ ಬಿದ್ದದ್ದೇ ತಡ, ಊರಿನ ಸೋಮಾರಿಗಳಿಗೆಲ್ಲ ಆರೋಗ್ಯದ ಕಾಳಜಿ ಹುಟ್ಟಿಬಿಟ್ಟಿದೆ.

ಪಾಪ, ಸಿದ್ಧಾಂತದ ತಪ್ಪೇನಿಲ್ಲ. 1970ರ ದಶಕದಲ್ಲಿ ನಾಟಿಲಸ್ ವ್ಯಾಯಾಮ ಯಂತ್ರಗಳ ಜನಕ ಆರ್ಥರ್ ಜೋನ್ಸ್ ಇದನ್ನು ಸಾರಿದ. 1978ರ ಮಿಸ್ಟರ್ ಯೂನಿವರ್ಸ್, ದೇಹದಾರ್ಢ್ಯಪಟು ಮೈಕ್ ಮೆಂಟ್ಜರ್ ‘ಹೆವಿ ಡ್ಯೂಟಿ’ ಎಂದು ಹೆಸರಿಟ್ಟು ಬೆಳೆಸಿದ. 1992ರಿಂದ 1997ರವರೆಗೆ ಸತತ ಆರು ಸಲ ಮಿಸ್ಟರ್ ಒಲಿಂಪಿಯಾ ಆದ ಡೋರಿಯನ್ ಯೇಟ್ಸ್ ಕೂಡ ಇದೇ ದಾರಿ ಹಿಡಿದವನು. ಸೆಟ್ ಕಡಿಮೆ ಇರಲಿ, ಆದರೆ ಇನ್ನೊಮ್ಮೆ ಎತ್ತಲು ಏನು ಮಾಡಿದರೂ ಆಗದು ಎನ್ನುವವರೆಗೆ ಎತ್ತಬೇಕು. ಇಳಿಸುವಾಗಲೂ ಭಾರವನ್ನು ಧೊಪ್ಪೆಂದು ಬಿಡದೆ ನಿಧಾನವಾಗಿ ಇಳಿಸಬೇಕು. ಹಾಗೆ ದಣಿದ ಸ್ನಾಯು ಚೇತರಿಸಿಕೊಳ್ಳಲು ವಿಶ್ರಾಂತಿ ಬೇಕು. ನಮ್ಮವರು ಸೆಟ್ ಕಡಿಮೆ ಮಾಡಿದರು, ವಿಶ್ರಾಂತಿಯನ್ನು ಭಕ್ತಿಯಿಂದ ಸ್ವೀಕರಿಸಿದರು. ನಡುವಿನದ್ದು ಅಮೆರಿಕದಲ್ಲೇ ಉಳಿಯಿತು.

ಇಪ್ಪತ್ತು ನಿಮಿಷದಲ್ಲಿ ಬೂಟಿನ ದಾರಕ್ಕೆ, ಕನ್ನಡಿಗೆ, ಮೊಬೈಲನ್ನು ಡಂಬೆಲ್‌ಗೆ ಒರಗಿಸಿ ನಿಲ್ಲಿಸುವುದಕ್ಕೆ ಹದಿನೈದು ಖರ್ಚು. ಆಮೇಲೆ ಆ ಪವಿತ್ರ ಸೆಟ್. ಕೊನೆಯ ಸಲ ಎತ್ತುವಾಗಲೂ ಕ್ಯಾಮೆರಾ ನೋಡಿ ನಗುವಷ್ಟು ಶಕ್ತಿ ಉಳಿದಿರುತ್ತದೆ! ಅಲ್ಲಿಂದ ನೇರ ದುರ್ಗದಬೈಲಿಗೆ. ಗಿರಮಿಟ್, ಮಿರ್ಚಿ, ಪ್ರೋಟೀನಿಗೆಂದು ಧಾರವಾಡ ಪೇಢೆ (ಹಾಲಿನದೇ ತಾನೆ?). ಅಲ್ಲಿ ಮಾತ್ರ ಒಂದೇ ಸೆಟ್ಟಿನ ನಿಯಮ ಯಾರಿಗೂ ನೆನಪಾಗುವುದಿಲ್ಲ.

ಈ ಸಿದ್ಧಾಂತ ನಿಜವಾಗಿ ಮೈಗೂಡಿರುವುದು ಇಬ್ಬರಿಗೆ. ಉದ್ಯಾನದ ಓಪನ್ ಜಿಮ್ ಉದ್ಘಾಟಿಸುವ ಮುಖಂಡರು ಕೊರಳ ಹಾರ ತೆಗೆಯದೆ ಒಂದು ಸಲ ಹಿಡಿ ಎಳೆಯುತ್ತಾರೆ, ಫೋಟೊ ಆಗುತ್ತದೆ, ಐದು ವರ್ಷ ವಿಶ್ರಾಂತಿ. ಇನ್ನೊಬ್ಬರು ಜಿಮ್ ಮಾಲೀಕರು. ಬರುವುದು ವಾರಕ್ಕೆರಡೇ ದಿನ, ಶುಲ್ಕದಲ್ಲಿ ರಿಯಾಯಿತಿ ಕೊಡಿ ಎಂದರೆ ಸಿದ್ಧ ಉತ್ತರವಿದೆ: “ಸರ್, ಸ್ನಾಯು ಬೆಳೆಯುವುದೇ ನೀವು ಬಾರದ ದಿನಗಳಲ್ಲಿ. ಆ ದಿನಗಳಿಗೇ ಹೆಚ್ಚು ತೆಗೆದುಕೊಳ್ಳಬೇಕಿತ್ತು.”

ತರುಣನೊಬ್ಬ ಈ ಶಾಸ್ತ್ರವನ್ನು ಗರಡಿಮನೆಯ ಹಳೆಯ ವಸ್ತಾದರಿಗೂ ವಿವರಿಸಿದನಂತೆ. ನಸುಕಿನಲ್ಲೆದ್ದು ನೂರುಗಟ್ಟಲೆ ಬೈಠಕ್ ಹೊಡೆದ ಜೀವ ಅದು. ಎಲ್ಲವನ್ನೂ ತಾಳ್ಮೆಯಿಂದ ಕೇಳಿ, “ಒಮ್ಮೆ ಎತ್ತಿದರೆ ಸಾಕೇನು ತಮ್ಮಾ? ಬಹಳ ಒಳ್ಳೆಯದಾಯಿತು” ಎಂದು ಮೂಲೆಯಲ್ಲಿದ್ದ ಸಂಗ್ರಾಣಿ ಕಲ್ಲು ತೋರಿಸಿದರು.

“ಇವತ್ತು ನನ್ನ ವಿಶ್ರಾಂತಿಯ ದಿನ, ಅಜ್ಜಾ” ಎಂದನಂತೆ ತರುಣ.