ಹದಿನೈದು ಕಿಲೋ ಮತ್ತು ಅತ್ತೆಯ ಹುರುಳಿಕಾಳು

ಈ ದೇಶದ ಜನಸಾಮಾನ್ಯರಿಗೆ ಕಡಿಮೆ ದರದಲ್ಲಿ ವಿಮಾನ ಹತ್ತಿಸಿದವರು ನಮ್ಮ ಹಾಸನ ಜಿಲ್ಲೆಯವರು ಎಂಬ ಸಂಗತಿಯನ್ನು ನಮ್ಮೂರಿನವರು ಯಾರ ಮುಂದೆಯೂ ಹೇಳದೆ ಬಿಡುವುದಿಲ್ಲ. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು ಸೇನೆಯಿಂದ ಹೊರಬಂದು, ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿದ ಜಮೀನಿಗೆ ಬದಲಾಗಿ ಸಿಕ್ಕ ಜಾವಗಲ್ ಸೀಮೆಯ ನೆಲದಲ್ಲಿ ರೇಷ್ಮೆ ಬೆಳೆದು, 2003ರಲ್ಲಿ ಏರ್ ಡೆಕ್ಕನ್ ಕಟ್ಟಿ, ಒಂದು ರೂಪಾಯಿಗೂ ಟಿಕೆಟ್ ಮಾರಿದರು. ಆ ಸಂಸ್ಥೆ ಮುಂದೆ ಕಿಂಗ್‌ಫಿಷರ್‌ನಲ್ಲಿ ವಿಲೀನವಾಯಿತು, ಕಿಂಗ್‌ಫಿಷರ್ 2012ರಲ್ಲಿ ಹಾರಾಟವನ್ನೇ ನಿಲ್ಲಿಸಿತು. ಅದು ಬೇರೆ ಕಥೆ. ನಮಗೆ ಸಂಬಂಧಪಟ್ಟ ಕಥೆಯೆಂದರೆ, ಇಷ್ಟೆಲ್ಲ ಆದ ಮೇಲೂ ಹಾಸನದವನು ಹಾರಬೇಕಾದರೆ ಮೊದಲು ಬಸ್ ಸ್ಟ್ಯಾಂಡಿಗೆ ಹೋಗಬೇಕು.

ಭೂಪಟದಲ್ಲಿ ನೋಡಿದರೆ ನಮ್ಮದು ಬಹಳ ಅನುಕೂಲದ ಊರು. ಪೂರ್ವಕ್ಕೆ ದೇವನಹಳ್ಳಿ, ಪಶ್ಚಿಮಕ್ಕೆ ಬಜ್ಪೆ, ದಕ್ಷಿಣಕ್ಕೆ ಮೈಸೂರಿನ ಮಂಡಕಳ್ಳಿ, ಉತ್ತರಕ್ಕೆ ಶಿವಮೊಗ್ಗದ ಸೋಗಾನೆ, ಹೀಗೆ ದಿಕ್ಕಿಗೊಂದು ವಿಮಾನ ನಿಲ್ದಾಣವಿದೆ. ಯಾವುದೂ ಹತ್ತಿರದಲ್ಲಿಲ್ಲ, ಅಷ್ಟೆ. ಬಜ್ಪೆಗೆ ಹೋಗಲು ಶಿರಾಡಿ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ದೊಡ್ಡತಪ್ಪಲೆಯ ಬಳಿ ಗುಡ್ಡ ಜಾರಿದರೆ ವಿಮಾನ ಸರಿಯಾದ ಸಮಯಕ್ಕೇ ಹೊರಡುತ್ತದೆ, ನಾವು ಮಾತ್ರ ಸಕಲೇಶಪುರದಲ್ಲಿ ಕಾಫಿ ಕುಡಿಯುತ್ತಾ ಕುಳಿತಿರುತ್ತೇವೆ. ದೇವನಹಳ್ಳಿಗೆ ಸುಮಾರು 200 ಕಿಲೋಮೀಟರು. ಚನ್ನರಾಯಪಟ್ಟಣ, ಕುಣಿಗಲ್ ದಾಟುವವರೆಗೆ ಓಡುವ ಬಸ್ಸು ನೆಲಮಂಗಲ ಬಂದೊಡನೆ ತೆವಳಲು ಶುರುಮಾಡುತ್ತದೆ. ಕಡಿಮೆ ದರದ ಟಿಕೆಟ್ಟುಗಳು ಅಗ್ಗವಾಗಿ ಸಿಗುವುದು ನಸುಕಿನ ಐದು, ಆರು ಗಂಟೆಯ ವಿಮಾನಗಳಲ್ಲಾದ್ದರಿಂದ, ಒಂದು ಗಂಟೆಯ ಹಾರಾಟಕ್ಕಾಗಿ ಹಿಂದಿನ ಇಡೀ ರಾತ್ರಿಯನ್ನು ರಸ್ತೆಗೆ ಒಪ್ಪಿಸುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ.

ಇಂಥ ಊರಿನಲ್ಲಿದ್ದುಕೊಂಡು ನಮ್ಮ ಬಂಧುವರ್ಗ ಎರಡು ಪಕ್ಷಗಳಾಗಿ ಒಡೆದುಹೋಗಿರುವುದು ವಿಮಾನದ ವಿಚಾರಕ್ಕೆ. ಮದುವೆ ಛತ್ರದಲ್ಲಿ ಎರಡನೇ ಪಂಕ್ತಿಗೆ ಕಾಯುವಾಗ ಮೊದಲೆಲ್ಲ ರಾಜಕೀಯದ ಚರ್ಚೆಯಾಗುತ್ತಿತ್ತು. ಈಗ ಮಕ್ಕಳೆಲ್ಲ ಪುಣೆ, ದೆಹಲಿ, ಹೈದರಾಬಾದು ಸೇರಿರುವುದರಿಂದ ಯಾವ ವಿಮಾನ ಒಳ್ಳೆಯದು ಎಂಬುದರ ಮೇಲೆ ಜಗಳ. ಸರ್ಕಾರಿ ಕೆಲಸದಿಂದ ನಿವೃತ್ತರಾದ ನಮ್ಮ ಭಾವನವರು ಪೂರ್ಣ ಸೇವೆಯ ಪಕ್ಷ. ‘ದುಡ್ಡು ತಗೊಂಡ ಮೇಲೆ ಊಟ ಹಾಕ್ಬೇಕು ಕಣಯ್ಯ, ನೀರಿಗೂ ಕಾಸು ಕೇಳೋದು ಯಾವ ಸೀಮೆ ಮರ್ಯಾದೆ?’ ಎಂಬುದು ಅವರ ವಾದ. ಅವರ ಪಕ್ಷ ಇತ್ತೀಚೆಗೆ ಸೊರಗಿದೆ ಎಂಬುದನ್ನು ಹೇಳಲೇಬೇಕು. ಜೆಟ್ ಏರ್‌ವೇಸ್ 2019ರಲ್ಲಿ ನಿಂತಿತು, ವಿಸ್ತಾರ 2024ರ ನವೆಂಬರಿನಲ್ಲಿ ಏರ್ ಇಂಡಿಯಾದೊಳಗೆ ಸೇರಿಹೋಯಿತು, ಹೀಗಾಗಿ ದೇಶದೊಳಗೆ ಊಟ ಹಾಕಿ ಕರೆದೊಯ್ಯುವ ದೊಡ್ಡ ಸಂಸ್ಥೆಯೆಂದು ಬೆರಳು ಮಾಡಲು ಭಾವನವರಿಗೆ ಈಗ ಹೆಚ್ಚು ಆಯ್ಕೆ ಉಳಿದಿಲ್ಲ. ಎದುರು ಪಕ್ಷದ ನಾಯಕ ನಮ್ಮ ಚಿಕ್ಕಪ್ಪನ ಮಗ. ಅವನ ಪ್ರಕಾರ ವಿಮಾನವೆಂದರೆ ರೆಕ್ಕೆಯಿರುವ ಬಸ್ಸು. ಊಟ ಬೇಕಾದವರು ಹೋಟೆಲಿಗೆ ಹೋಗಬೇಕು.

ಭಾವನವರ ಊಟದ ಪ್ರಸಂಗವನ್ನು ಅವರ ಎದುರಿನಲ್ಲಿ ಯಾರೂ ಎತ್ತುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತೇನೆ. ದೆಹಲಿಗೆ ಹೊರಟಿದ್ದ ಅವರು, ಕಡಿಮೆ ದರದ ವಿಮಾನವೊಂದು ಅದೇ ಹೊತ್ತಿಗೆ ಇದ್ದರೂ, ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ಊಟ ಸಿಗುವ ವಿಮಾನವನ್ನೇ ಹಿಡಿದರು. ಊಟ ಅಲ್ಲೇ ಸಿಗುತ್ತದೆಂದು ಹಾಸನದಲ್ಲಿ ತಿಂಡಿಯನ್ನೂ ಮುಟ್ಟಲಿಲ್ಲ. ದಿನ ಶನಿವಾರ, ಭಾವನವರು ಶನಿವಾರ ಮೊಟ್ಟೆಯ ವಾಸನೆಯನ್ನೂ ಸಹಿಸುವವರಲ್ಲ. ಇವರು ಕುಳಿತದ್ದು ಹಿಂಬದಿಯ ಸಾಲಿನಲ್ಲಿ, ಊಟದ ಗಾಡಿ ಹೊರಟದ್ದು ಮುಂದಿನಿಂದ. ಸಸ್ಯಾಹಾರದ ಪೊಟ್ಟಣಗಳು ದಾರಿಯಲ್ಲೇ ಖಾಲಿಯಾಗಿ, ಇವರ ಬಳಿ ಬರುವ ಹೊತ್ತಿಗೆ ಕೋಳಿ ಮಾತ್ರ ಉಳಿದಿತ್ತು. ಗಗನಸಖಿ ಬಹಳ ವಿನಯದಿಂದ ಕ್ಷಮೆ ಕೇಳಿ, ಒಂದು ಬನ್ನು, ಬೆರಳುಗಾತ್ರದ ಬೆಣ್ಣೆಯ ಪೊಟ್ಟಣ ಮತ್ತು ಎರಡು ಲೋಟ ನೀರು ಕೊಟ್ಟಳು. ತಣ್ಣಗೆ ಕಲ್ಲಾಗಿದ್ದ ಆ ಬೆಣ್ಣೆಯನ್ನು ಪ್ಲಾಸ್ಟಿಕ್ ಚಾಕುವಿನಿಂದ ಹರಡಲು ಹೋದಾಗ ಚಾಕು ಮುರಿಯಿತು, ಬೆಣ್ಣೆ ಮುರಿಯಲಿಲ್ಲ. ಟಿಕೆಟ್ಟಿನ ವ್ಯತ್ಯಾಸವನ್ನೆಲ್ಲ ಆ ಬನ್ನಿನ ಮೇಲೆ ಹಾಕಿ ಲೆಕ್ಕ ಮಾಡಿದರೆ ಹಾಸನದಲ್ಲಿ ಅಷ್ಟಕ್ಕೆ ಒಂದು ಸಣ್ಣ ಬೇಕರಿಯ ದಿನದ ವ್ಯಾಪಾರವೇ ಆಗುತ್ತದೆ ಎಂದು ಚಿಕ್ಕಪ್ಪನ ಮಗ ಇಂದಿಗೂ ಹೇಳಿಕೊಂಡು ತಿರುಗುತ್ತಾನೆ.

ಅವನೂ ಗೆದ್ದವನಲ್ಲ. ಗುವಾಹಟಿಗೆ ಹೋಗುವಾಗ ಕೋಲ್ಕತ್ತದವರೆಗೆ ಒಂದು ಸಂಸ್ಥೆಯ ಟಿಕೆಟ್, ಅಲ್ಲಿಂದ ಮುಂದಕ್ಕೆ ಇನ್ನೊಂದರದ್ದು ಎಂದು ಹೊಂದಿಸಿ, ಕೆಲವು ನೂರು ರೂಪಾಯಿ ಉಳಿಸಿದೆನೆಂದು ಮೀಸೆ ತಿರುವಿದ್ದ. ಒಂದೇ ಟಿಕೆಟ್ಟಿನಲ್ಲಿ ಹೋದರೆ ಬ್ಯಾಗು ಕೊನೆಯ ಊರಿನವರೆಗೆ ತಾನೇ ಹೋಗುತ್ತದೆ, ನಡುವೆ ವಿಮಾನ ತಪ್ಪಿದರೆ ಮುಂದಿನದ್ದಕ್ಕೆ ಹತ್ತಿಸುವ ಜವಾಬ್ದಾರಿ ಸಂಸ್ಥೆಯದ್ದು. ಬೇರೆ ಬೇರೆ ಟಿಕೆಟ್ ಕೊಂಡವನಿಗೆ ಇವೆರಡೂ ಇಲ್ಲ. ಮೊದಲ ವಿಮಾನ ಬೆಂಗಳೂರಿನಲ್ಲೇ ಕುಳಿತುಬಿಟ್ಟಿತು. ದೇಶದೊಳಗಿನ ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ ಪ್ರಯಾಣಿಕರಿಗೆ ತಿಂಡಿ ಕೊಡಬೇಕೆಂಬ ನಿಯಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು. ಅದರಂತೆ ಅವನಿಗೂ ಒಂದು ಸಮೋಸ, ಒಂದು ಡಬ್ಬಿ ಹಣ್ಣಿನ ರಸ ಸಿಕ್ಕಿತು. ‘ಕಡಿಮೆ ದರದ ವಿಮಾನದಲ್ಲೂ ಪುಕ್ಕಟೆ ತಿಂಡಿ ಕೊಡ್ತಾರೆ ಭಾವ, ಎರಡು ಗಂಟೆ ತಡ ಆಗ್ಬೇಕು ಅಷ್ಟೆ’ ಎಂದು ಫೋನಿನಲ್ಲಿ ಹೆಮ್ಮೆಯಿಂದ ಹೇಳಿದವನು, ಕೋಲ್ಕತ್ತ ತಲುಪಿ ಎರಡನೇ ವಿಮಾನ ಹೊರಟುಹೋಗಿದ್ದನ್ನು ಮಾತ್ರ ವಾರದ ಮೇಲೆ, ಅದೂ ನಾವೇ ಕೆದಕಿ ಕೇಳಿದಾಗ, ಒಪ್ಪಿಕೊಂಡ.

ಎರಡು ಪಕ್ಷಗಳಿಗೂ ಸೇರದ, ಆದರೆ ಇಬ್ಬರನ್ನೂ ಸೋಲಿಸಿದ ವ್ಯಕ್ತಿ ನಮ್ಮ ಸೋದರತ್ತೆ. ಆಕೆಯ ದೃಷ್ಟಿಯಲ್ಲಿ ವಿಮಾನದ ಯೋಗ್ಯತೆ ತೀರ್ಮಾನವಾಗುವುದು ಎಷ್ಟು ಸಾಮಾನು ಹಿಡಿಸುತ್ತದೆ ಎಂಬುದರಿಂದ. ಮಗನ ಮನೆಗೆ ಹೊರಟಾಗ ಆಕೆಯ ಜೊತೆ ದೇವನಹಳ್ಳಿಗೆ ಹೋಗಿದ್ದವನು ನಾನೇ. ಅಂದು ನಾನೂ ಅದೇ ವಿಮಾನದಲ್ಲಿ ಹೊರಟಿದ್ದರಿಂದ ಒಳಗಿನವರೆಗೆ ಎಲ್ಲವನ್ನೂ ಕಣ್ಣಾರೆ ನೋಡುವ ಭಾಗ್ಯ ದೊರೆಯಿತು. ಮಿತಿ ಹದಿನೈದು ಕಿಲೋ. ತಕ್ಕಡಿಯ ಮೇಲೆ ಕೆಂಪು ಅಂಕಿಯಲ್ಲಿ 19.4 ಎಂದು ಬಂತು. ಹೆಚ್ಚಿನ ಪ್ರತಿ ಕಿಲೋಗೆ ಕೌಂಟರಿನ ಹುಡುಗಿ ಹೇಳಿದ ದರದಲ್ಲಿ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ತಿಂಗಳ ದಿನಸಿ ಕೊಳ್ಳಬಹುದಿತ್ತು. ಅತ್ತೆ ಕ್ಷಣವೂ ಯೋಚಿಸದೆ ಅಲ್ಲೇ ನೆಲದ ಮೇಲೆ ಕುಳಿತು ಬ್ಯಾಗಿನ ಜಿಪ್ ಎಳೆದರು. ರಾಗಿಹಿಟ್ಟು, ಹುರುಳಿಕಾಳು, ಕಾಫಿಪುಡಿ, ಸಕಲೇಶಪುರದ ಮೆಣಸು, ಹಳೆಯ ಸೀರೆಯ ಚೂರಿನಲ್ಲಿ ಬಾಯಿ ಕಟ್ಟಿದ್ದ ಉಪ್ಪಿನಕಾಯಿ ಬಾಟಲಿ, ಎಲ್ಲವೂ ಸಂತೆಯಲ್ಲಿ ಹರಡಿದಂತೆ ಹೊಳೆಯುವ ಕಲ್ಲಿನ ಮೇಲೆ ಹರಡಿಕೊಂಡವು. ಸರತಿಯಲ್ಲಿದ್ದ ಒಬ್ಬ ಸೂಟಿನವರು ಕಾಫಿಪುಡಿಯ ಘಮಕ್ಕೆ ಎರಡು ಹೆಜ್ಜೆ ಮುಂದೆ ಬಂದು, ಚಿಕೋರಿ ಎಷ್ಟು ಭಾಗ ಎಂದು ಕನ್ನಡದಲ್ಲೇ ವಿಚಾರಿಸಿದರು. ಅವರು ಮೂಡಿಗೆರೆಯವರಂತೆ.

ಕೈಚೀಲಕ್ಕೆ ಏಳು ಕಿಲೋ ಮಿತಿ, ಆದರೆ ಮೈಮೇಲಿನ ಬಟ್ಟೆಯನ್ನು ಯಾರೂ ತೂಗುವುದಿಲ್ಲ. ಅತ್ತೆ ಸ್ವೆಟರ್ ಹಾಕಿಕೊಂಡು ಅದರ ಎರಡು ಜೇಬಿಗೆ ಹುರುಳಿಕಾಳಿನ ಪೊಟ್ಟಣಗಳನ್ನು ತುಂಬಿಕೊಂಡರು, ಅದರ ಮೇಲೆ ಶಾಲು ಹೊದ್ದರು, ಮೆಣಸನ್ನು ನನ್ನ ಬ್ಯಾಗಿಗೆ ತುರುಕಿದರು. ಹೀಗೆ ತೂಕವನ್ನು ಗೆದ್ದ ಮೇಲೆ ಬಂದದ್ದು ಕೊಬ್ಬರಿಯ ಸರದಿ. ಅರಸೀಕೆರೆಯ ಗಿಟುಕು ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚಾದ್ದರಿಂದ ಅದನ್ನು ಬೆಂಕಿ ಹೊತ್ತಿಕೊಳ್ಳುವ ಪದಾರ್ಥವೆಂದು ಬ್ಯಾಗಿನೊಳಗೆ ಬಿಡುವುದಿಲ್ಲ; ಶಬರಿಮಲೆಗೆ ಹೊರಟವರ ಇರುಮುಡಿಯ ತೆಂಗಿನಕಾಯಿಗೂ 2024ರಲ್ಲಿ ಪ್ರತ್ಯೇಕ ಅಪ್ಪಣೆ ಕೊಡಬೇಕಾಯಿತು. ಇದನ್ನು ಸಿಬ್ಬಂದಿ ತಾಳ್ಮೆಯಿಂದ ವಿವರಿಸಿದಾಗ ಅತ್ತೆ, ‘ಅಲ್ಲ ಕಣಮ್ಮ, ಅಟ್ಟದ ಮೇಲೆ ವರ್ಷಗಟ್ಟಲೆ ಇದ್ದದ್ದು ಅಲ್ಲಿ ಹೊತ್ತಿಕೊಳ್ಳಲಿಲ್ಲ, ನಿಮ್ಮ ವಿಮಾನದಲ್ಲಿ ಯಾಕೆ ಹೊತ್ತಿಕೊಳ್ಳುತ್ತೆ?’ ಎಂದು ಕೇಳಿದರು. ಉತ್ತರ ಬರಲಿಲ್ಲ, ಕೊಬ್ಬರಿಯೂ ಹಿಂದಕ್ಕೆ ಬರಲಿಲ್ಲ. ಪೂರ್ಣ ಸೇವೆಯ ವಿಮಾನದಲ್ಲಿ ಹೋಗಿದ್ದರೆ ಬಿಡುತ್ತಿದ್ದರು ಎಂದು ಭಾವನವರು ನಂತರ ವಾದಿಸಿದರು. ನಿಯಮ ಎಲ್ಲರಿಗೂ ಒಂದೇ ಎಂದು ನಾನು ಹೇಳಿದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲ.

ಇದಕ್ಕೆ ಹೋಲಿಸಿದರೆ ಸಣ್ಣ ವಿಮಾನ ನಿಲ್ದಾಣಗಳೆಂದರೆ ನನಗೆ ಬಹಳ ಪ್ರೀತಿ, ಅದರ ಕಷ್ಟಗಳ ಸಮೇತವಾಗಿ. ಮಂಡಕಳ್ಳಿಯ ರನ್‌ವೇ 1,740 ಮೀಟರು ಮಾತ್ರ, ಹಾಗಾಗಿ ಅಲ್ಲಿಗೆ ಸಾಮಾನ್ಯವಾಗಿ ಬರುವುದು ಪಂಕ ತಿರುಗುವ ಎಟಿಆರ್ ವಿಮಾನಗಳು. ಬಾಗಿಲಿನಿಂದ ವಿಮಾನದವರೆಗೆ ನಡೆದೇ ಹೋಗಬಹುದು. ಬ್ಯಾಗು ಬೆಲ್ಟಿನ ಮೇಲೆ ಬರುವುದಕ್ಕೆ ಒಂದು ಬೀಡಾ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯುವುದಿಲ್ಲ. ದೇವನಹಳ್ಳಿಯ ಎರಡನೇ ಟರ್ಮಿನಲ್ಲಿನಲ್ಲಿ ತೂಗುಹಾಕಿದ ತೋಟಗಳೂ ಬಿದಿರಿನ ಅಲಂಕಾರವೂ ನಿಜಕ್ಕೂ ಕಣ್ಣಿಗೆ ಹಬ್ಬ, ಆದರೆ ಗೇಟು ತಲುಪುವಷ್ಟರಲ್ಲಿ ಮಂಡಿ ನೋಯುತ್ತದೆ. ಎಟಿಆರ್‌ನಲ್ಲಿ ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಕೆಳಗಿನ ಕೆರೆ, ತೋಟ, ಗದ್ದೆಗಳೆಲ್ಲ ಅಡ್ಡಿಯಿಲ್ಲದೆ ಕಾಣುತ್ತವೆ. ಭಾವನವರು ಮೊದಲು ಇಳಿಯಬೇಕೆಂಬ ಆಸೆಗೆ ಹೆಚ್ಚುವರಿ ಹಣ ತೆತ್ತು ಎಟಿಆರ್‌ನ ಮೊದಲನೆಯ ಸಾಲನ್ನು ಕಾದಿರಿಸಿದ್ದರು. ಆ ವಿಮಾನದಲ್ಲಿ ಸಾಮಾನಿನ ಕೋಣೆ ಮುಂದಿದೆ, ಪ್ರಯಾಣಿಕರ ಬಾಗಿಲು ಹಿಂದಿದೆ. ಎಲ್ಲರಿಗಿಂತ ಕೊನೆಯಲ್ಲಿ ಇಳಿದ ಭಾವನವರು, ಹಣ ಕೊಡದೆ ಸಿಕ್ಕ ಕೊನೆಯ ಸಾಲಿನಿಂದ ಎಲ್ಲರಿಗಿಂತ ಮೊದಲು ಇಳಿದು ಕೆಳಗೆ ಕಾಯುತ್ತಿದ್ದ ಚಿಕ್ಕಪ್ಪನ ಮಗನ ಮುಖವನ್ನು ನೋಡದೆ ನೇರವಾಗಿ ಟ್ಯಾಕ್ಸಿಯ ಕಡೆ ನಡೆದರು.

ಸಣ್ಣ ನಿಲ್ದಾಣಗಳ ಕಷ್ಟವೆಂದರೆ ಇಂದು ಇದ್ದ ವಿಮಾನ ನಾಳೆ ಇರುತ್ತದೆಂಬ ಭರವಸೆಯಿಲ್ಲದಿರುವುದು. 2017ರಲ್ಲಿ ಶಿಮ್ಲಾದಿಂದ ದೆಹಲಿಗೆ ಹಾರಾಟ ಆರಂಭಿಸಿದ, ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲಿ ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟುಗಳನ್ನು 2,500 ರೂಪಾಯಿಗೆ ಕೊಟ್ಟು, ನಷ್ಟವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುವ ವ್ಯವಸ್ಥೆಯಿತ್ತು. ಮೂರು ವರ್ಷವಾದ ಮೇಲೆ ಎಷ್ಟೋ ಮಾರ್ಗಗಳಲ್ಲಿ ವಿಮಾನವೂ ನಿಂತುಹೋಯಿತು. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದ ರನ್‌ವೇ 3,200 ಮೀಟರು, ಹಾರಾಟ ಶುರುವಾದದ್ದು 2023ರ ಆಗಸ್ಟ್ 31ರಂದು. ಉದ್ದಕ್ಕೆ ಏನೂ ಕಡಿಮೆಯಿಲ್ಲ, ಮಂಜು ಮಾತ್ರ ರನ್‌ವೇಯ ಉದ್ದವನ್ನು ನೋಡಿ ಬೀಳುವುದಿಲ್ಲ. ಚಿಕ್ಕಮಗಳೂರಿನ ಮದುವೆಯೊಂದಕ್ಕೆ ಅಲ್ಲಿ ಇಳಿಯಬೇಕಿದ್ದ ನೆಂಟರು ಶಿವಮೊಗ್ಗದ ಮೇಲೆ ಸುತ್ತು ಹಾಕಿ, ನೆಲ ಕಾಣದೆ, ಬೆಂಗಳೂರಿಗೆ ಮರಳಿ, ಅಲ್ಲಿಂದ ಕಾರಿನಲ್ಲಿ ಬರುವಷ್ಟರಲ್ಲಿ ಬೀಗರ ಔತಣವೂ ಮುಗಿದು ಛತ್ರದವರು ಕುರ್ಚಿ ಮಡಚುತ್ತಿದ್ದರು.

ಹಾಸನದ ಬೂವನಹಳ್ಳಿಯಲ್ಲೂ ವಿಮಾನ ನಿಲ್ದಾಣ ಮೇಲೇಳುತ್ತಿದೆ. ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಬಹುಕಾಲದ ಕನಸು ಅದು. ಮೊದಲ ವಿಮಾನ ಯಾವ ಸಂಸ್ಥೆಯದ್ದಾಗಬೇಕು ಎಂಬುದರ ಮೇಲೆ ನಮ್ಮ ಮನೆಯಲ್ಲಿ ಈಗಲೇ ಎರಡು ಅಭಿಪ್ರಾಯಗಳಿವೆ.

ಸದ್ಯಕ್ಕೆ ಭಾವನವರು ಮೊಮ್ಮಗಳ ನಾಮಕರಣಕ್ಕೆ ಪುಣೆಗೆ ಹೊರಟಿದ್ದಾರೆ. ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಟಿಕೆಟ್, ಸೀಟು, ಬ್ಯಾಗು, ಬಸ್ಸು, ನಿಲ್ದಾಣದ ಕಾಫಿ ಎಂದು ಎರಡು ಸಾಲು ಬರೆದು ಕೂಡಿದಾಗ ಎರಡೂ ಬಗೆಯ ವಿಮಾನಗಳ ನಡುವೆ ಹೇಳಿಕೊಳ್ಳುವಂಥ ಅಂತರ ಉಳಿಯಲಿಲ್ಲ. ಹಾಗಾಗಿ ಸಮಯ ನೋಡಿ, ಬೆಳಗಿನ ಹತ್ತೂವರೆಯ ವಿಮಾನವನ್ನು ಆರಿಸಿದರು. ಮೊನ್ನೆ ಸಂಸ್ಥೆಯಿಂದ ಸಂದೇಶ ಬಂತು, ವಿಮಾನ ನಸುಕಿನ ಐದಕ್ಕೇ ಹೊರಡುತ್ತದೆಯಂತೆ. ಭಾವನವರು ಏನೂ ಮಾತಾಡದೆ ಬಸ್ ಸ್ಟ್ಯಾಂಡಿಗೆ ಹೋಗಿ ಹಿಂದಿನ ರಾತ್ರಿಯ ಬಸ್ಸಿಗೆ ಸೀಟು ಕಾದಿರಿಸಿಕೊಂಡು ಬಂದರು. ಕಿಟಕಿ ಪಕ್ಕದ್ದೇ ಸಿಕ್ಕಿದೆ, ಅದಕ್ಕೆ ಬೇರೆ ಹಣ ಕೇಳಲಿಲ್ಲ ಎಂದು ಸಂಜೆ ಎರಡು ಸಲ ಹೇಳಿದರು.