ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಸಮಾರಂಭಕ್ಕೆ ಹೋಗಿದ್ದರು

ಆಸ್ಕರ್ ಗೆದ್ದ ಮೊದಲ ಕಪ್ಪು ನಟಿ ಹ್ಯಾಟಿ ಮೆಕ್‌ಡೇನಿಯಲ್ ಅವರನ್ನು ಸಮಾರಂಭದ ಒಳಗೇ ಬಿಡಲಿಲ್ಲ, ಕಪ್ಪು ಬಣ್ಣದವರು ಅಂತ ಪ್ರತಿಮೆ ಬದಲು ಬರೀ ಫಲಕ ಕೊಟ್ಟರು ಅನ್ನೋ ಪೋಸ್ಟ್ ಓಡಾಡುತ್ತಿದೆ. ಎರಡೂ ತಪ್ಪು. 1940ರ ಫೆಬ್ರವರಿ 29ರಂದು ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲಿನಲ್ಲಿ ಹ್ಯಾಟಿ ತಾವೇ ಪ್ರಶಸ್ತಿ ಪಡೆದು ಮಾತಾಡಿದರು. ಫಲಕ ಆಗ ಪೋಷಕ ಪಾತ್ರಕ್ಕೆ ಗೆದ್ದ ಎಲ್ಲರಿಗೂ ಸಿಗುತ್ತಿತ್ತು. ಹಾಗಂತ ಅವಮಾನ ಆಗಲಿಲ್ಲ ಅಂತಲ್ಲ. ಕಪ್ಪು ಜನರನ್ನು ಸೇರಿಸದ ಆ ಹೋಟೆಲಿಗೆ ನಿರ್ಮಾಪಕ ಡೇವಿಡ್ ಸೆಲ್ಜ್ನಿಕ್ ಹೇಳಿ ಒಳಗೆ ಬಿಡಿಸಬೇಕಾಯಿತು, ಆಮೇಲೂ ಸಹನಟರ ಜೊತೆ ಅಲ್ಲ, ಗೋಡೆ ಪಕ್ಕದ ಬೇರೆ ಮೇಜಿನಲ್ಲಿ ಕೂರಿಸಿದರು. ನಡೆದದ್ದೇ ಇಷ್ಟು ಕೆಟ್ಟದಾಗಿರುವಾಗ ಸುಮ್ನೆ ಸುಳ್ಳು ಯಾಕೆ ಸೇರಿಸಬೇಕು? ಅವರು ನಿಜಕ್ಕೂ ಹೋಗಲಾಗದೇ ಇದ್ದದ್ದು 1939ರ ಡಿಸೆಂಬರಿನಲ್ಲಿ ಅಟ್ಲಾಂಟಾದಲ್ಲಿ ನಡೆದ ‘ಗಾನ್ ವಿತ್ ದ ವಿಂಡ್’ ಮೊದಲ ಪ್ರದರ್ಶನಕ್ಕೆ, ಅಂದರೆ ಅವರಿಗೆ ಈ ಪ್ರಶಸ್ತಿ ತಂದ ಸಿನಿಮಾದ್ದೇ. ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದ ವರ್ಣಭೇದದ ಕಾನೂನು ಅಡ್ಡ ಬಂದಿತ್ತು.