ಅಲಾರಂ ಬಾಯಿ ಮುಚ್ಚಿಸುವುದೇ ಕೆಲಸವಾದಾಗ

ಯಾವುದಾದರೂ ಹಳೆಯ ಪ್ಲಾಂಟಿನ ಕಂಟ್ರೋಲ್ ರೂಮಿಗೆ ಹೋದರೆ ಮೊದಲು ಆಪರೇಟರ್ ಮುಂದಿರುವ ಕೀಬೋರ್ಡ್ ನೋಡಿ. ‘ಅಲಾರಂ ನೋಡಿದೆ’ ಎಂದು ಒತ್ತುವ ಕೀ ಒಂದಿರುತ್ತದೆ, ಎಲ್ಲರ ಬಾಯಲ್ಲೂ ಅದು ‘ಆಕ್’. ಅದರ ಮೇಲಿನ ಅಕ್ಷರ ಸವೆದು ಹೋಗಿ ಪ್ಲಾಸ್ಟಿಕ್ ನುಣ್ಣಗಾಗಿದ್ದು, ಟ್ರೆಂಡ್, ಅಂದರೆ ಅಳತೆಗಳ ಏರಿಳಿತದ ಗೆರೆ, ತೆರೆಯುವ ಕೀ ಮಾತ್ರ ಅಂಗಡಿಯಿಂದ ತಂದ ಹಾಗೇ ಇದ್ದರೆ ಅರ್ಧ ವರದಿ ಅಲ್ಲೇ ಸಿಕ್ಕಿತು. ಅಲ್ಲಿ ಕೂತವರ ಬೆರಳು ದಿನವಿಡೀ ಸದ್ದು ನಿಲ್ಲಿಸುತ್ತಿದೆ. ಪ್ರೆಷರ್ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡಲು ಅವರಿಗೆ ಪುರುಸೊತ್ತಿಲ್ಲ.

ಏನಾದರೂ ಅನಾಹುತವಾದರೆ ‘ಆಪರೇಟರ್ ನಿರ್ಲಕ್ಷ್ಯ’ ಎಂದು ಬರೆದು ಫೈಲು ಮುಚ್ಚುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಆ ಕುರ್ಚಿಯಲ್ಲಿ ಗಂಟೆಗೆ ಎಷ್ಟು ಅಲಾರಂ ಬರುತ್ತವೆ, ಸ್ಕ್ರೀನು ಏನನ್ನು ತೋರಿಸುತ್ತದೆ, ಏನನ್ನು ಬಚ್ಚಿಡುತ್ತದೆ, ಕೂತವರು ಎಷ್ಟು ಹೊತ್ತು ಮಲಗಿ ಬಂದಿದ್ದಾರೆ ಎಂದು ಅಳೆಯದೆ ಆ ಪದ ಬರೆಯಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಳೆಯುವುದಕ್ಕೆ ಹ್ಯೂಮನ್ ಫ್ಯಾಕ್ಟರ್ಸ್ ಎಂಬ ಒಂದು ಶಾಸ್ತ್ರವೇ ಇದೆ. ಬೆಂಗಳೂರಿನವರಿಗೆ ಇದರಲ್ಲಿ ಹೊಣೆ ಹೆಚ್ಚು. ಪೀಣ್ಯದಿಂದ ವೈಟ್‌ಫೀಲ್ಡ್‌ವರೆಗಿನ ಆಟೊಮೇಷನ್ ಕಚೇರಿಗಳಲ್ಲಿ ಬರೆದ ಸ್ಕ್ರೀನುಗಳ ಮುಂದೆ ದೂರದೂರದ ರಿಫೈನರಿ, ಪವರ್ ಪ್ಲಾಂಟುಗಳಲ್ಲಿ ಜನ ರಾತ್ರಿ ಕಳೆಯುತ್ತಾರೆ. ಬರೆದವರಲ್ಲಿ ಬಹಳ ಮಂದಿ ಒಂದು ಸಿ ಶಿಫ್ಟ್ (ರಾತ್ರಿ ಪಾಳಿ) ಕೂಡ ಅಂಥ ರೂಮಿನಲ್ಲಿ ಕೂತಿರುವುದಿಲ್ಲ.

ಮೊದಲು ಲೆಕ್ಕ. ಅಲಾರಂ ವ್ಯವಸ್ಥೆಗೆಂದೇ ಇರುವ ಇಇಎಂಯುಎ 191 ಮಾರ್ಗದರ್ಶಿ, ಐಎಸ್‌ಎ 18.2, ಐಇಸಿ 62682 ಮಾನದಂಡಗಳು, ಈ ಮೂರೂ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ. ಪ್ಲಾಂಟ್ ಸರಾಗವಾಗಿ ಓಡುತ್ತಿರುವಾಗ ಒಬ್ಬ ಆಪರೇಟರ್‌ಗೆ 10 ನಿಮಿಷಕ್ಕೆ ಸರಾಸರಿ 1 ಅಲಾರಂ, ದಿನಕ್ಕೆ 150ರ ಆಸುಪಾಸು. ದಿನಕ್ಕೆ 300 ಅಂದರೆ ನಿಭಾಯಿಸಬಹುದಾದ ಮೇಲ್ಮಿತಿ. 10 ನಿಮಿಷದಲ್ಲಿ 10 ದಾಟಿದರೆ ಅದು ಪ್ರವಾಹ. 1994ರ ಜುಲೈ 24ರಂದು ವೇಲ್ಸ್‌ನ ಮಿಲ್‌ಫರ್ಡ್ ಹೇವನ್ ರಿಫೈನರಿ ಸ್ಫೋಟಗೊಳ್ಳುವ ಮುಂಚಿನ 10.7 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂ ಬಿದ್ದಿದ್ದವು. ಹೆಚ್ಚುಕಡಿಮೆ ಎರಡೂಕಾಲು ಸೆಕೆಂಡಿಗೊಂದು. ಅಷ್ಟರಲ್ಲಿ ಒಂದು ಸಾಲು ಓದಿ ಮುಗಿಯುವುದಿಲ್ಲ, ಅರ್ಥ ಮಾಡಿಕೊಳ್ಳುವುದು ಆಮೇಲಿನ ಮಾತು.

ಈ ಸದ್ದಿನಲ್ಲಿ ಹೆಚ್ಚಿನದು ಎಲ್ಲಿಂದ ಬರುತ್ತದೆ? 30 ದಿನದ ಅಲಾರಂ ಲಾಗ್ ಎಕ್ಸೆಲ್‌ಗೆ ಇಳಿಸಿ, ಟ್ಯಾಗ್ (ಪ್ರತಿ ಉಪಕರಣಕ್ಕೆ ಕೊಟ್ಟ ಗುರುತು ಸಂಖ್ಯೆ) ಪ್ರಕಾರ ಎಣಿಸಿ. ಮೇಲಿನ ಹತ್ತು ಟ್ಯಾಗುಗಳೇ ಒಟ್ಟು ಹೊರೆಯ ದೊಡ್ಡ ಪಾಲನ್ನು ಎಬ್ಬಿಸುತ್ತಿರುವುದು ಕಾಣುತ್ತದೆ. ಅವು 5 ಶೇಕಡ ದಾಟಬಾರದು ಎಂಬುದು ಅಳತೆಗೋಲು. ಒಂದು ಟ್ಯಾಂಕನ್ನೇ ತೆಗೆದುಕೊಳ್ಳಿ. ಹೈ ಲೆವೆಲ್ ಅಲಾರಂ 90 ಶೇಕಡಕ್ಕೆ ಇದೆ, ನೀರಿನ ಮೇಲ್ಮೈ ಅಲುಗಾಡುತ್ತ 89.6ಕ್ಕೂ 90.3ಕ್ಕೂ ನಡುವೆ ತೂಗಾಡುತ್ತಿದೆ. ಗೆರೆ ದಾಟಿದಾಗಲೆಲ್ಲ ಒಂದು ಸದ್ದು, ಕೆಳಗಿಳಿದಾಗ ತಾನೇ ಅಳಿಯುತ್ತದೆ, ಮತ್ತೆ ಸದ್ದು. ನಿಮಿಷಕ್ಕೆ ಮೂರು ಸಲ ಬಂದುಹೋದರೆ ಅದನ್ನು ಚಾಟರಿಂಗ್ ಎನ್ನುತ್ತಾರೆ. ಮದ್ದು ಸುಲಭ, ಡೆಡ್‌ಬ್ಯಾಂಡ್. 5 ಶೇಕಡ ಕೊಟ್ಟರೆ 90ಕ್ಕೆ ಎದ್ದ ಅಲಾರಂ 85ಕ್ಕೆ ಇಳಿಯುವವರೆಗೆ ಹೊಸದಾಗಿ ಕೂಗುವುದಿಲ್ಲ. ಶುರುವಿಗೆ ಲೆವೆಲ್ ಮತ್ತು ಫ್ಲೋಗೆ 5, ಪ್ರೆಷರ್‌ಗೆ 2, ಟೆಂಪರೇಚರ್‌ಗೆ 1 ಶೇಕಡ ಇಡುತ್ತಾರೆ. ಜೊತೆಗೆ ಡಿಲೇ, ಅಂದರೆ ಗೆರೆ ದಾಟಿ ಇಷ್ಟು ಹೊತ್ತು ಹಾಗೇ ಇದ್ದರೆ ಮಾತ್ರ ಕೂಗುವುದು: ಲೆವೆಲ್, ಟೆಂಪರೇಚರ್‌ಗೆ 60 ಸೆಕೆಂಡ್, ಫ್ಲೋ, ಪ್ರೆಷರ್‌ಗೆ 15. ಕಣ್ಣು ಮುಚ್ಚಿಕೊಂಡು ಎಲ್ಲಕ್ಕೂ ಇದನ್ನೇ ತುಂಬಿದರೆ ಅಪಾಯ. ಅಲಾರಂ ಬಂದಮೇಲೆ ಕೈಗೆ ಸಿಗುವುದು ಎರಡೇ ನಿಮಿಷ ಎಂದಾದರೆ ಅದರಲ್ಲಿ ಒಂದು ನಿಮಿಷವನ್ನು ಡಿಲೇಗೆ ಕೊಟ್ಟು ಕೂರಲಾಗದು. ಪ್ರತಿ ಟ್ಯಾಗಿಗೂ ಯೋಚಿಸಿಯೇ ಹಾಕಬೇಕು.

ಚಾಟರಿಂಗ್ ಸರಿಮಾಡಿದರೂ ಟ್ರಿಪ್ ಆದಾಗಿನ, ಅಂದರೆ ಯಂತ್ರ ತಟ್ಟನೆ ತಾನೇ ನಿಂತಾಗಿನ, ಪ್ರವಾಹ ಉಳಿಯುತ್ತದೆ. ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತಹಂತವಾಗಿ ಮೇಲೆದ್ದು, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ದಾಟಿ ಬರುತ್ತದೆ. ಇಂಥ ಸಾಲು ಪಂಪಿಂಗ್ ವ್ಯವಸ್ಥೆ ಎಲ್ಲೇ ಇರಲಿ, ದೊಡ್ಡ ಮೋಟರ್ ಒಂದು ನಿಂತಿತು ಎಂದರೆ ಫ್ಲೋ ಲೋ, ಡಿಸ್ಚಾರ್ಜ್ ಪ್ರೆಷರ್ ಲೋ, ಕರೆಂಟ್ ಸೊನ್ನೆ, ವಾಲ್ವ್ ಮುಚ್ಚಿತು, ಮುಂದಿನ ಸಂಪಿನಲ್ಲಿ ಲೆವೆಲ್ ಇಳಿಯಿತು ಎಂದು ಸಾಲುಸಾಲಾಗಿ ಬೀಳುತ್ತವೆ. ಕಾರಣ ಒಂದು, ಸದ್ದು ಹದಿನೈದು. ನಿಂತಿರುವ ಪಂಪಿನ ಫ್ಲೋ ಕಡಿಮೆ ಎಂದು ಕೂಗುವುದರಲ್ಲಿ ಯಾವ ಸುದ್ದಿಯೂ ಇಲ್ಲ. ಪಂಪ್ ಓಡುತ್ತಿಲ್ಲದಾಗ ಅದಕ್ಕೆ ಸೇರಿದ ಅಲಾರಂಗಳನ್ನು ಲಾಜಿಕ್‌ನಲ್ಲೇ ತಡೆದು, ಮೊಟ್ಟಮೊದಲು ಯಾವುದು ಬಂತು ಎಂಬುದನ್ನು ಮಾತ್ರ ಫಸ್ಟ್ ಔಟ್ ಆಗಿ ಎತ್ತಿ ತೋರಿಸಬೇಕು. ಬೇರಿಂಗ್ ಬಿಸಿಯಾಗಿ ನಿಂತಿತೋ, ಪಂಪುಗಳಿಗೆಲ್ಲ ಕರೆಂಟ್ ಹಂಚುವ ಬಸ್‌ಬಾರಿನ ವೋಲ್ಟೇಜ್ ಬಿದ್ದು ನಿಂತಿತೋ ಎಂಬುದರ ಮೇಲೆ ಮುಂದಿನ ಹೆಜ್ಜೆ ನಿಂತಿದೆ. ವೋಲ್ಟೇಜ್ ಬಿದ್ದಿದ್ದರೆ ಪಕ್ಕದ ಪಂಪೂ ಹೋಗುವ ಸಾಧ್ಯತೆ ಇದೆ.

ಇನ್ನು ಸ್ಕ್ರೀನು. ಪೈಪಿಂಗ್ ಡ್ರಾಯಿಂಗನ್ನು ಹಾಗೇ ಎತ್ತಿ ಕಪ್ಪು ಹಿನ್ನೆಲೆಗೆ ಹಾಕಿ, ಓಡುತ್ತಿರುವ ಪಂಪಿಗೆಲ್ಲ ಹಸಿರು, ನಿಂತದ್ದಕ್ಕೆಲ್ಲ ಕೆಂಪು ಬಳಿಯುವುದು ಇಂದಿಗೂ ನಡೆದಿದೆ. ಸ್ಟ್ಯಾಂಡ್‌ಬೈ ಪಂಪ್ ನಿಂತಿರುವುದೇ ಸರಿ, ಆದರೂ ಅದು ಕೆಂಪಗೆ ಉರಿಯುತ್ತಿರುತ್ತದೆ. ಇಡೀ ವರ್ಷ ಕೆಂಪು ನೋಡಿದ ಕಣ್ಣಿಗೆ ನಿಜವಾದ ಕೆಂಪು ಬಂದ ದಿನ ಏನು ಎದ್ದು ಕಾಣಬೇಕು? ಹಿನ್ನೆಲೆ ತಿಳಿಬೂದು ಇರಲಿ, ಎಲ್ಲ ಸರಿ ಇದ್ದಾಗ ಪರದೆ ಸಪ್ಪೆಯಾಗಿಯೇ ಇರಲಿ, ಬಣ್ಣ ಕೆಟ್ಟದ್ದಕ್ಕೆ ಮೀಸಲಾಗಲಿ. ಬರೀ ಅಂಕಿ ಬೇಡ, ಪಕ್ಕದಲ್ಲಿ ಮಾಮೂಲಿ ಮಿತಿ ಗುರುತು ಮಾಡಿದ ಪಟ್ಟಿ ಮತ್ತು ಕಳೆದ ಒಂದು ಗಂಟೆಯ ಗೆರೆ ಬೇಕು. ಕೆಂಪು–ಹಸಿರು ಬೇರ್ಪಡಿಸಲಾರದ ಗಂಡಸರು ಪ್ರತಿ ಪ್ಲಾಂಟಿನಲ್ಲೂ ಸಿಗುವ ಸಂಭವವಿದೆ, ಆದ್ದರಿಂದ ಆಕಾರ, ಅಕ್ಷರವೂ ಬದಲಾಗಬೇಕು.

ಸ್ಕ್ರೀನು ಸುಳ್ಳು ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಘಟನೆ ಸಾಕು. 1979ರ ಮಾರ್ಚ್ 28ರ ಬೆಳಗಿನ ಜಾವ 4ಕ್ಕೆ, ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಹೆಚ್ಚಾದ ಒತ್ತಡ ಹೊರಬಿಡುವ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿತು. ಪ್ಯಾನೆಲ್ ಮೇಲಿನ ದೀಪ ಆರಿತ್ತು. ಆರಿದ ದೀಪದ ಅರ್ಥ ‘ಮುಚ್ಚು ಎಂಬ ಆಜ್ಞೆ ಹೋಗಿದೆ’ ಎಂದಷ್ಟೇ, ‘ವಾಲ್ವ್ ಮುಚ್ಚಿದೆ’ ಎಂದಲ್ಲ. ಕೂತವರು ಎರಡು ಗಂಟೆಗೂ ಹೆಚ್ಚು ಹೊತ್ತು ಅದು ಮುಚ್ಚಿದೆ ಎಂದೇ ನಂಬಿದ್ದರು. ಇವತ್ತಿಗೂ ಸ್ಕ್ರೀನಿನಲ್ಲಿ ಒಂದು ವಾಲ್ವ್ ‘ಕ್ಲೋಸ್ಡ್’ ಎಂದು ಕಂಡರೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಇದು ವಾಲ್ವ್ ನಿಜವಾಗಿ ಎಲ್ಲಿದೆ ಎಂದು ಹೇಳುವ ಲಿಮಿಟ್ ಸ್ವಿಚ್‌ನಿಂದ ಬಂದದ್ದೋ, ನಾವೇ ಕಳಿಸಿದ ಕಮಾಂಡ್‌ನ ಪ್ರತಿಧ್ವನಿಯೋ?

ಎರಡನೆಯದು 2005ರ ಮಾರ್ಚ್ 23, ಟೆಕ್ಸಸ್ ಸಿಟಿ ರಿಫೈನರಿ. 170 ಅಡಿ ಎತ್ತರದ ಕಾಲಮ್ಮಿಗೆ (ದ್ರವವನ್ನು ಕಾಯಿಸಿ ಬೇರ್ಪಡಿಸುವ ಗೋಪುರ) ದ್ರವ ತುಂಬುತ್ತಲೇ ಹೋಯಿತು. ಲೆವೆಲ್ ಮೀಟರ್ 8 ಅಡಿ ಆಸುಪಾಸು ತೋರಿಸುತ್ತ, ಅದೂ ನಿಧಾನವಾಗಿ ಇಳಿಯುತ್ತಿದೆ ಎನ್ನುತ್ತಿತ್ತು. ನಿಜದಲ್ಲಿ 158 ಅಡಿ ತುಂಬಿತ್ತು. ಒಳಗೆ ಬರುವ ಫ್ಲೋ ಒಂದು ಪರದೆಯಲ್ಲಿ, ಹೊರಗೆ ಹೋಗುವುದು ಇನ್ನೊಂದರಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ಕಳೆದು ನೋಡುವ ಒಂದು ಅಂಕಿ ಇದ್ದಿದ್ದರೆ, ಒಳಗೆ ಬರುತ್ತಿದೆ, ಹೊರಗೆ ಹೋಗುತ್ತಿಲ್ಲ ಎಂದು ಯಾರಿಗಾದರೂ ಹೊಳೆಯುತ್ತಿತ್ತು. 15 ಜನ ಸತ್ತರು, 180 ಜನಕ್ಕೆ ಗಾಯವಾಯಿತು. ಕಂಟ್ರೋಲ್ ರೂಮಿನಲ್ಲಿ ಕೂತ ಬೋರ್ಡ್ ಆಪರೇಟರ್ ಒಬ್ಬರೇ ಮೂರು ಯೂನಿಟ್ ನೋಡುತ್ತಿದ್ದರು, ಅಷ್ಟು ಹೊತ್ತಿಗೆ ಅವರು 29 ದಿನ ರಜೆಯಿಲ್ಲದೆ 12 ಗಂಟೆ ಶಿಫ್ಟ್ ಮಾಡಿದ್ದರು. ಹಿಂದಿನ ರಾತ್ರಿಯವರು ಲಾಗ್ ಪುಸ್ತಕದಲ್ಲಿ ಬಿಟ್ಟುಹೋದದ್ದು ಒಂದೇ ಸಾಲು.

ನಮ್ಮ ಲಾಗ್ ಪುಸ್ತಕಗಳಲ್ಲಿ ‘ಆಲ್ ನಾರ್ಮಲ್’ ಎಂದು ಇರುತ್ತದೆ. ಬಾಯಲ್ಲಿ ಹೇಳುವುದು ಬೇರೆಯೇ: ‘ಮೂಲೆ ಪಂಪು ಸ್ವಲ್ಪ ಕಿರಿಕ್ ಮಾಡ್ತಿದೆ, ನೋಡ್ಕೊ.’ ಹ್ಯಾಂಡೋವರ್, ಅಂದರೆ ಶಿಫ್ಟ್ ಬದಲಾಗುವಾಗ ಕೆಲಸ ಒಪ್ಪಿಸುವುದನ್ನು, ಅಧ್ಯಯನ ಮಾಡುವವರು ಈ ಮಾತನ್ನೇ ಬರೆದುಕೊಳ್ಳಬೇಕು, ಪುಸ್ತಕವನ್ನಲ್ಲ. ಟ್ಯಾಗ್ ನಂಬರ್ ಒಂದು, ಜನ ಕರೆಯುವ ಹೆಸರು ಇನ್ನೊಂದು. ಪ್ಲಾಂಟ್ ವಿಸ್ತರಣೆಯಾದ ಮೇಲೆ ‘ಹಳೇ ಲೈನು’ ಎಂದರೆ ಎ ಶಿಫ್ಟಿನವರಿಗೆ ಒಂದು, ಸಿ ಶಿಫ್ಟಿನವರಿಗೆ ಮತ್ತೊಂದು ಆಗಿರುವುದುಂಟು. ವಾಕಿಟಾಕಿಯಲ್ಲಿ ‘ಹಳೇ ಲೈನ್ ವಾಲ್ವ್ ಬಿಡು’ ಎಂದರೆ ಯಾವುದನ್ನು ಬಿಡುತ್ತಾರೆ? ಆ ಅಡ್ಡಹೆಸರುಗಳ ಪಟ್ಟಿ ಮಾಡಿ, ಟ್ಯಾಗಿನ ಎದುರು ಬರೆದು, ಗೋಡೆಗೆ ಅಂಟಿಸಿ. ಖರ್ಚು ಒಂದು ಹಾಳೆ.

ಭಾಷೆಯ ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ಕೆಲಸದ ಹೊರೆ ಅಳೆಯಲು ಹೆಚ್ಚಾಗಿ ಬಳಸುವುದು ಹಾರ್ಟ್ ಮತ್ತು ಸ್ಟೇವ್‌ಲ್ಯಾಂಡ್ ಎಂಬ ಸಂಶೋಧಕರು 1988ರಲ್ಲಿ ಪ್ರಕಟಿಸಿದ ನಾಸಾ ಟಿಎಲ್‌ಎಕ್ಸ್ ಎಂಬ ಪ್ರಶ್ನೆಹಾಳೆ. ಆರು ಗೆರೆಗಳು: ತಲೆಗೆ ಕೆಲಸ, ಮೈಗೆ ಕೆಲಸ, ಸಮಯದ ಒತ್ತಡ, ಎಷ್ಟು ಚೆನ್ನಾಗಿ ಮಾಡಿದೆ, ಎಷ್ಟು ಶ್ರಮಪಟ್ಟೆ, ಕೊನೆಯದು ಫ್ರಸ್ಟ್ರೇಷನ್. ಇಂಗ್ಲಿಷ್ ಹಾಳೆಯನ್ನೇ ಕೈಗಿಟ್ಟರೆ ಎಲ್ಲರೂ ನಡುವೆ ಒಂದು ಗೀಟು ಹಾಕಿ ಕೊಡುತ್ತಾರೆ. ನಿಘಂಟು ನೋಡಿ ಕೊನೆಯದಕ್ಕೆ ‘ಹತಾಶೆ’ ಎಂದು ಬರೆದರೆ ಇನ್ನೂ ತಪ್ಪು. ಹತಾಶೆ ದೊಡ್ಡ ಪದ, ನನಗೆ ಹತಾಶೆಯಾಗಿದೆ ಎಂದು ಮ್ಯಾನೇಜರ್ ಓದಬಹುದಾದ ಹಾಳೆಯಲ್ಲಿ ಯಾರೂ ಗುರುತು ಹಾಕುವುದಿಲ್ಲ. ‘ಕಿರಿಕಿರಿ’ ಎಂದು ಕೇಳಿ, ಉತ್ತರ ಬರುತ್ತದೆ. ಇನ್ನೊಂದು ಮೋಸ ನಾಲ್ಕನೆಯ ಗೆರೆಯಲ್ಲಿದೆ. ಉಳಿದ ಐದರಲ್ಲಿ ಎಡ ಕಡಿಮೆ, ಬಲ ಹೆಚ್ಚು. ಇದರಲ್ಲಿ ಮಾತ್ರ ಎಡ ತುದಿ ಒಳ್ಳೆಯದು, ಬಲ ತುದಿ ಕೆಟ್ಟದ್ದು. ಬಾಯಲ್ಲಿ ಬಿಡಿಸಿ ಹೇಳದಿದ್ದರೆ ಚೆನ್ನಾಗಿ ಮಾಡಿದವರೇ ಬಲಕ್ಕೆ ಗುರುತು ಹಾಕುತ್ತಾರೆ, ನಿಮ್ಮ ಸರಾಸರಿ ಅಲ್ಲೇ ಕೆಡುತ್ತದೆ.

ಹೊರೆಯ ಜೊತೆ ಅರಿವನ್ನೂ ಅಳೆಯಬೇಕು. ಸಂಶೋಧಕಿ ಮೈಕಾ ಎಂಡ್ಸ್‌ಲಿ ಕೊಟ್ಟ ವಿಧಾನ ಇದು: ಸಿಮ್ಯುಲೇಟರ್ ಓಡುತ್ತಿರುವಾಗ ಹೇಳದೆ ಕೇಳದೆ ನಿಲ್ಲಿಸಿ, ಪರದೆ ಖಾಲಿ ಮಾಡಿ, ಪ್ರಶ್ನೆ ಕೇಳಿ. ಸಂಪಿನ ಲೆವೆಲ್ ಎಷ್ಟಿತ್ತು? ಏರುತ್ತಿತ್ತೋ ಇಳಿಯುತ್ತಿತ್ತೋ? ಇನ್ನು 10 ನಿಮಿಷಕ್ಕೆ ಎಷ್ಟಾಗುತ್ತದೆ? ಅಂಕಿ ಸರಿ ಹೇಳಿ ದಿಕ್ಕು ತಪ್ಪಿದರೆ ಸ್ಕ್ರೀನಿನಲ್ಲಿ ಟ್ರೆಂಡ್ ಕೊರತೆ ಇದೆ ಎಂದು ಮೊದಲು ಅನುಮಾನಿಸಿ. ಓಡುವ ಪ್ಲಾಂಟಿನಲ್ಲಿ ಇದನ್ನು ಮಾಡಲೇಬಾರದು, ಸಿಮ್ಯುಲೇಟರ್ ಇದ್ದರೆ ಮಾತ್ರ. ಕಣ್ಣಿನ ಚಲನೆ ಹಿಡಿಯುವ ಕನ್ನಡಕಕ್ಕೆ ದುಡ್ಡು ಸುರಿಯುವ ಮುಂಚೆ ಈ ಮೂರು ಪ್ರಶ್ನೆ ಕೇಳಿ ಎಂದು ನಾನಂತೂ ಹೇಳುತ್ತೇನೆ. ಗೋಡೆ ತುಂಬುವ ವಿಡಿಯೊ ವಾಲ್ ವಿಷಯದಲ್ಲೂ ನನ್ನ ಮಾತು ಅದೇ.

ನಿದ್ದೆಯ ಲೆಕ್ಕವನ್ನು ಗೇಟಿನೊಳಗಿನ ಗಂಟೆಗಳಲ್ಲಿ ಮಾಡಿದರೆ ಬೆಂಗಳೂರಿನಲ್ಲಿ ಪೂರ್ತಿ ತಪ್ಪುತ್ತದೆ. ಪೀಣ್ಯದಲ್ಲಿ 6ಕ್ಕೆ ಎ ಶಿಫ್ಟ್ ಎಂದರೆ ಕೆಂಗೇರಿಯಲ್ಲೋ ದಾಬಸ್‌ಪೇಟೆಯಲ್ಲೋ ಇರುವವರು 4ಕ್ಕೇ ಏಳಬೇಕು. ಕಾರ್ಖಾನೆ ಕಾಯ್ದೆಗೆ ಕರ್ನಾಟಕ 2023ರಲ್ಲಿ ತಂದ ತಿದ್ದುಪಡಿ ದಿನಕ್ಕೆ 12 ಗಂಟೆ ದುಡಿಮೆಗೆ ದಾರಿ ಮಾಡಿಕೊಟ್ಟಿತು. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಕೂತವರು ಗೊರಗುಂಟೆಪಾಳ್ಯದ ಟ್ರಾಫಿಕ್ ದಾಟಿ ಮನೆ ಸೇರಿ, ಬಿಸಿಲಿನಲ್ಲಿ, ಮಿಕ್ಸಿ ಸದ್ದಿನಲ್ಲಿ, ಮಕ್ಕಳ ನಡುವೆ ಮಲಗಬೇಕು. ಮನೋವಿಜ್ಞಾನಿ ಮ್ಯಾಕ್‌ವರ್ತ್ 1948ರಲ್ಲೇ ತೋರಿಸಿದ ಹಾಗೆ, ಏನೂ ಆಗದ ಪರದೆಯನ್ನು ನೋಡುತ್ತ ಕೂತವರ ಗಮನ ಮೊದಲ ಅರ್ಧ ಗಂಟೆಯಲ್ಲೇ ಕುಸಿಯತೊಡಗುತ್ತದೆ. ಅದರ ಮೇಲೆ ನಿದ್ದೆಗೆಟ್ಟ ರಾತ್ರಿ 3 ಗಂಟೆ ಸೇರಿದರೆ ಏನು ಉಳಿಯುತ್ತದೆ? ಚೆರ್ನೋಬಿಲ್ 1 ಗಂಟೆ 23 ನಿಮಿಷಕ್ಕೆ, ಭೋಪಾಲ್ ನಡುರಾತ್ರಿ ದಾಟಿ. ಕನಿಷ್ಠ 14 ದಿನದ ನಿದ್ದೆ ಡೈರಿ ಬರೆಸಿ, ಮಲಗಿದ್ದು, ಎದ್ದದ್ದು, ಬಸ್ಸಿನಲ್ಲಿ ಕಳೆದದ್ದು ಮೂರನ್ನೂ. ರೋಸ್ಟರ್ ಮಾತಾಡುವುದು ಆಮೇಲೆ.

ಈ ಮಾಹಿತಿ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಮೊದಲ ದಿನವೇ ಬರವಣಿಗೆಯಲ್ಲಿ ತೀರ್ಮಾನಿಸಿ. ಹೆಸರು ಬೇಡ, ಶಿಫ್ಟ್ ಗುರುತೂ ಬೇಡ, ಯೂನಿಯನ್‌ನವರು ಕೂತು ಒಪ್ಪಲಿ. ಡೈರಿಯಲ್ಲಿ ‘ತೂಕಡಿಸಿದೆ’ ಎಂದು ಬರೆದವರಿಗೆ ಒಂದು ಮೆಮೊ ಹೋದರೆ ಸಾಕು, ಮರುದಿನದಿಂದ ಎಲ್ಲರ ಡೈರಿಯಲ್ಲೂ 8 ಗಂಟೆ ನಿದ್ದೆ.

ಆಮೇಲೆ ಅಲಾರಂ ಪಟ್ಟಿಯನ್ನು ಮೇಜಿನ ಮೇಲೆ ಹರಡಿ, ಒಂದೊಂದಕ್ಕೂ ನಾಲ್ಕು ಪ್ರಶ್ನೆ: ಯಾಕೆ ಬರುತ್ತದೆ, ಬಂದರೆ ಏನು ಮಾಡಬೇಕು, ಮಾಡಲು ಎಷ್ಟು ನಿಮಿಷ ಇದೆ, ಮಾಡದಿದ್ದರೆ ಏನಾಗುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರ ‘ಏನಿಲ್ಲ, ನೋಡ್ಕೊಳ್ಳೋದು’ ಎಂದಾದರೆ ಅದು ಅಲಾರಂ ಅಲ್ಲ, ಲಾಗ್‌ಗೆ ಕಳಿಸಿ. ಉಳಿದವುಗಳಲ್ಲಿ ತುರ್ತಿನದು 5 ಶೇಕಡ, ನಡುವಿನದು 15, ಸಾಧಾರಣ 80ರ ಹತ್ತಿರ ಬಂದರೆ ಹದ ಸರಿಯಿದೆ. ಪ್ರೋಸೆಸ್, ಇನ್‌ಸ್ಟ್ರುಮೆಂಟ್, ಸೇಫ್ಟಿಯವರ ಜೊತೆ ಬೇರೆಬೇರೆ ಶಿಫ್ಟಿನ ಇಬ್ಬರು ಆಪರೇಟರ್‌ಗಳು ಕೂರಲೇಬೇಕು, ‘ಇದು ರಾತ್ರಿ ಮಾತ್ರ ಬರುತ್ತೆ ಸಾರ್’ ಎಂದು ಹೇಳುವವರು ಅವರೊಬ್ಬರೇ. ಸಿ ಶಿಫ್ಟ್ ಮುಗಿಸಿದವರನ್ನು ಬೆಳಿಗ್ಗೆ 9ರ ಸಭೆಗೆ ಉಳಿಸಿಕೊಳ್ಳಬೇಡಿ. ಅವರ ಜನರಲ್ ಶಿಫ್ಟ್ ವಾರ ನೋಡಿ ದಿನ ಇಡಿ, ಆ ದಿನ ಬೋರ್ಡಿಗೆ ಬದಲಿ ಕೊಡಿ.